ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಚಿಕಿತ್ಸೆ ಕೊಡಿಸುವುದು ಹೇಗೆ?

ಸ್ಕಿಜೋಫ್ರೀನಿಯಾ, ಬೈಪೋಲಾರ್ ಅಥವಾ ತೀವ್ರ ಖಿನ್ನತೆಯಂಥ ಕಾಯಿಲೆ ಮನೆಯೊಳಗೆ ಕಾಲಿಟ್ಟಾಗ, ಅದು ಕಾಯಿಲೆ ಎಂದು ಒಪ್ಪಿಕೊಳ್ಳುವುದಕ್ಕೇ ಬಹಳ ದಿನ ಹಿಡಿಯುತ್ತದೆ. ನನ್ನ ತಮ್ಮ ಕಿಟಕಿಗಳಿಗೆಲ್ಲ ಹೊದಿಕೆ ಕಟ್ಟಿ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದಾರೆಂದು ರಾತ್ರಿಯಿಡೀ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದಾಗ, ನಾವು ಎಂಟು ತಿಂಗಳನ್ನು ತಾಯಿತ ಮತ್ತು ಹರಕೆಗಳಲ್ಲಿ ಕಳೆದೆವು. ಹರಕೆ ಹೊತ್ತದ್ದಕ್ಕೆ ನನಗೆ ಬೇಸರವಿಲ್ಲ. ಅದರ ಜೊತೆಗೇ ತಾಲ್ಲೂಕು ಆಸ್ಪತ್ರೆಗೂ ಹೋಗಬಹುದಿತ್ತೆಂದು ಯಾರೂ ಹೇಳಲಿಲ್ಲವಲ್ಲ ಎಂಬ ನೋವು ಮಾತ್ರ ಇಂದಿಗೂ ಇದೆ. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮನೋವೈದ್ಯರೆಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್ ಎಂದೇ ಹಲವರು ತಿಳಿದಿದ್ದಾರೆ. ಅಷ್ಟು ದೂರದ ಪ್ರಯಾಣಕ್ಕೆ ಹಣ ಮತ್ತು ಧೈರ್ಯ ಕೂಡುವ ತನಕ ಕಾಯಿಲೆ ಬಲಿಯುತ್ತದೆ. ಮೊದಲು ಹೋಗಬೇಕಾದದ್ದು ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಇಡೀ ದೇಶದ ಯೋಜನೆಗೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಎಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಗೆ ಫೋನ್ ಮಾಡಿಯೋ ಊರಿನ ಆಶಾ ಕಾರ್ಯಕರ್ತೆಯ ಮೂಲಕವೋ ಮೊದಲೇ ತಿಳಿದುಕೊಳ್ಳಿ. ಔಷಧಿಗೆ ಬಗ್ಗದ ಕಾಯಿಲೆಯಾದರೆ ದೊಡ್ಡ ಸಂಸ್ಥೆಗೆ ಕಳಿಸುವ ಪತ್ರವನ್ನು ಅಲ್ಲಿನ ವೈದ್ಯರೇ ಬರೆದುಕೊಡುತ್ತಾರೆ.

ಕಾಯಿಲೆಯವರು ಬರಲು ಒಪ್ಪದಿರುವುದೇ ಎಲ್ಲಕ್ಕಿಂತ ಕಷ್ಟದ ಘಟ್ಟ. ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರುವುದು ಈ ಕಾಯಿಲೆಗಳ ಲಕ್ಷಣಗಳಲ್ಲಿ ಒಂದಾದ್ದರಿಂದ, ಅದನ್ನು ಹಟವೆಂದು ತಿಳಿದು ಬೈಯುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಮದುವೆಗೆಂದು ಹೊರಡಿಸಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವವರಿದ್ದಾರೆ; ಒಮ್ಮೆ ಹಾಗೆ ಮೋಸಹೋದವರು ಮುಂದೆ ಮಾತ್ರೆ ಕೊಡುವ ಕೈಯನ್ನೂ ನಂಬುವುದಿಲ್ಲ. ಅವರಿಗೇ ಕಷ್ಟವಾಗಿರುವ ಸಂಗತಿಯೊಂದನ್ನು ಹಿಡಿದು ಮಾತು ತೆಗೆಯಿರಿ. “ಎಷ್ಟು ದಿನದಿಂದ ನಿದ್ದೆಯಿಲ್ಲ ನೋಡು, ಅದಕ್ಕೊಂದು ಔಷಧಿ ಕೇಳೋಣ” ಎಂದಾಗ ನನ್ನ ತಮ್ಮ ಚಪ್ಪಲಿ ಮೆಟ್ಟಿಕೊಂಡು ಎದ್ದ. ಅದಕ್ಕೂ ಒಪ್ಪದಿದ್ದರೆ ಮನೆಯವರೊಬ್ಬರು ಮೊದಲು ಹೋಗಿ ವೈದ್ಯರೊಂದಿಗೆ ಮಾತಾಡಬಹುದು, ಇಲ್ಲವೇ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವ ಹಿಂದಿನ ದಿನ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದಿಡಿ: ಯಾವಾಗಿನಿಂದ ನಿದ್ದೆ ಕೆಟ್ಟಿದೆ, ಸ್ನಾನ ಊಟ ಹೇಗಿದೆ, ಯಾರೂ ಇಲ್ಲದಾಗ ಯಾರೊಂದಿಗೋ ಮಾತಾಡುತ್ತಾರೆಯೇ, ಸಾಯುವ ಮಾತಾಡಿದ್ದಾರೆಯೇ, ಕುಡಿತ ಅಥವಾ ಗಾಂಜಾ ಇದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ, ಫಿಟ್ಸ್ ಬಂದಿತ್ತೇ, ವಂಶದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ. ಒಪಿಡಿಯ ಜನಸಂದಣಿಯಲ್ಲಿ, ಹಿಂದೆ ಸಾಲು ನಿಂತಿರುವಾಗ, ಬರೆದಿಟ್ಟುಕೊಂಡದ್ದನ್ನು ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಹಳೆಯ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡನ್ನು ಅದೇ ಫೈಲಿನಲ್ಲಿಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಚಿಕಿತ್ಸೆಯನ್ನು ದಾನವೆಂದಲ್ಲ, ಹಕ್ಕೆಂದು ಕೊಟ್ಟಿದೆ. ಅದರ 18ನೇ ಕಲಮಿನ ಪ್ರಕಾರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಹಾಗಾಗಿ ದೂರದ ಸಂಸ್ಥೆಯಲ್ಲಿ ತೋರಿಸಿದ್ದರೂ, ಅಲ್ಲಿ ಬರೆದ ಮಾತ್ರೆಗಳ ವಿವರವುಳ್ಳ ಪತ್ರ ಪಡೆದು ನಿಮ್ಮ ತಾಲ್ಲೂಕಿನಲ್ಲೇ ಅವುಗಳನ್ನು ಪಡೆಯಲು ಏರ್ಪಾಟು ಮಾಡಿಕೊಳ್ಳಿ. ‘ಸ್ಟಾಕ್ ಇಲ್ಲ’ ಎಂದರೆ ಬರಿಗೈಯಲ್ಲಿ ಹಿಂದಿರುಗದೆ ಆಡಳಿತ ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಡಿ. ಕಾಯ್ದೆಯಡಿ ಉಚಿತ ಕಾನೂನು ನೆರವೂ ಇರುವುದರಿಂದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಬಹುದು.

ಚಿಕಿತ್ಸೆ ಮುರಿದುಬೀಳುವುದು ಸಾಮಾನ್ಯವಾಗಿ ಗುಣ ಕಂಡ ಮೇಲೆ. ಒಂದು ದಿನ ತಮ್ಮನ ದಿಂಬಿನ ಹೊಲಿಗೆ ಬಿಚ್ಚಿದ್ದನ್ನು ಕಂಡು ಕೈ ಹಾಕಿದರೆ ಹತ್ತಿಯ ನಡುವೆ ಹನ್ನೊಂದು ಮಾತ್ರೆಗಳಿದ್ದವು. ಒದ್ದೆಯಾಗಿ ಬಣ್ಣ ಬಿಟ್ಟಿದ್ದವು, ಅಂದರೆ ಬಾಯಿಗೆ ಹಾಕಿಕೊಂಡು ಆಮೇಲೆ ತೆಗೆದವು. ಸಿಟ್ಟು ಮಾಡದೆ ಕೇಳಿದಾಗ, “ಅಕ್ಕಾ, ಕೈ ನಡುಗುತ್ತೆ, ಲೋಟ ಹಿಡಿಯೋಕಾಗಲ್ಲ” ಎಂದ. ಆ ಮಾತನ್ನು ವೈದ್ಯರಿಗೆ ತಿಳಿಸಿದ ಮೇಲೆ ಅವರು ಔಷಧಿ ಬದಲಿಸಿದರು. ನಡುಕ, ಬಿಗಿತ, ಅತಿನಿದ್ದೆ, ತೂಕ ಏರುವುದು ಇವೆಲ್ಲ ಹೇಳಿಕೊಳ್ಳಬೇಕಾದ ತೊಂದರೆಗಳು, ಸಹಿಸಿಕೊಳ್ಳಬೇಕಾದವಲ್ಲ. ದಿನವೂ ಮಾತ್ರೆ ನುಂಗುವುದು ಸಾಧ್ಯವೇ ಇಲ್ಲವೆಂದಾದರೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಹೊಂದುತ್ತದೆಯೇ ಎಂದು ಕೇಳಿ.

ದಾಖಲಾತಿ ಬೇಕಾದಾಗ, ಸ್ವತಃ ಒಪ್ಪಿ ದಾಖಲಾಗುವುದೇ ಮೊದಲ ದಾರಿ. ತನಗೆ ಅಥವಾ ಇತರರಿಗೆ ಅಪಾಯ ಮಾಡಿಕೊಳ್ಳುವ ಸ್ಥಿತಿ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯಕ್ಕೆ ಸಿಲುಕುವ ಸ್ಥಿತಿ ಇದ್ದರೆ, ಅದೇ 2017ರ ಕಾಯ್ದೆಯ 89ನೇ ಕಲಮಿನಡಿ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ಕಾಯಿಲೆಯವರ ಪರವಾಗಿ ನಿಲ್ಲುವವರ, ಅರ್ಜಿಯ ಮೇಲೆ, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿದ ನಂತರ, 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಆ ಪ್ರತಿನಿಧಿಯನ್ನು ಕಾಯಿಲೆಯವರು ಚೆನ್ನಾಗಿರುವಾಗಲೇ ಬಿಳಿಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಿಕೊಳ್ಳಬಹುದು. ತಮ್ಮ ನನ್ನ ಹೆಸರು ಬರೆದ. ಜೊತೆಗೆ, ಕೋಣೆಗೆ ಬೀಗ ಹಾಕಬಾರದೆಂದು ಕೇಳಿಕೊಂಡ. ಮನೆಯಲ್ಲಾಗಲಿ ಧಾರ್ಮಿಕ ಸ್ಥಳದಲ್ಲಾಗಲಿ ಯಾರನ್ನಾದರೂ ಕಟ್ಟಿಹಾಕಿದ್ದು ಕಂಡರೆ ಪೊಲೀಸ್ ಠಾಣೆಗೆ ತಿಳಿಸಿ; ಸರಪಳಿ ಹಾಕುವುದನ್ನು ಈ ಕಾಯ್ದೆ ನಿಷೇಧಿಸಿದೆ. ಬೀದಿಯಲ್ಲಿ ಅಲೆಯುವವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದೂ ಪೊಲೀಸರ ಕರ್ತವ್ಯ.

ಕಾಯಿಲೆ ಬಹುಕಾಲ ಉಳಿದು ದುಡಿಮೆ ಮತ್ತು ಒಡನಾಟಗಳಿಗೆ ಅಡ್ಡಿಯಾಗಿದ್ದರೆ ಅಂಗವಿಕಲತೆಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಇದಕ್ಕೆಂದೇ ಇರುವ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಸಲ್ಲಿಸಬೇಕು; ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟಾದರೂ ಅಂಗವಿಕಲತೆ ಇರಬೇಕು. ತಪಾಸಣೆಯ ದಿನ ಅವರು ಚೆನ್ನಾಗಿ ಕಂಡರೆ ಎಂಬ ಅಂಜಿಕೆಯಿಂದ ಮಾತ್ರೆ ನಿಲ್ಲಿಸಿ ಕರೆದೊಯ್ಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ನಾನ-ಊಟದಂಥ ಸ್ವಂತ ಕೆಲಸ, ಒಡನಾಟ, ಮಾತುಕತೆ, ದುಡಿಮೆಗಳ ಜೊತೆಗೆ ಕಾಯಿಲೆಯ ಅವಧಿಯನ್ನೂ ಲೆಕ್ಕ ಹಾಕಿಯೇ ಅಂಕ ಕೊಡುತ್ತಾರಾದ್ದರಿಂದ, ಫೈಲಿನಲ್ಲಿ ಜೋಡಿಸಿಟ್ಟ ವರ್ಷಗಟ್ಟಲೆಯ ಒಪಿಡಿ ಚೀಟಿಗಳೇ ಅಲ್ಲಿ ಸಾಕ್ಷಿ ಹೇಳುತ್ತವೆ.