ಗುಡಿಸದೆ ಬಿಟ್ಟ ಎಲೆ: ಪಾರ್ಕ್ ನೋಡಿಕೊಳ್ಳುವವನ ಅನುಭವ

ಬಡಾವಣೆಯ ಪಾರ್ಕೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗುಡಿಸುವುದು, ನೀರು ಬಿಡುವುದು, ಹುಲ್ಲು ಕತ್ತರಿಸುವುದು, ಇಷ್ಟೇ ಅಲ್ವಾ ಅಂತ ಜನ ತಿಳಿದಿದ್ದಾರೆ. ಇಷ್ಟೂ ಇದೆ, ನಿಜ. ಆದರೆ ಆರೈಕೆ ಕಡಿಮೆಯಾಗಿ ಪಾರ್ಕ್ ಹೇಗೆ ಕೆಡುತ್ತದೋ, ಆರೈಕೆ ಜಾಸ್ತಿಯಾಗಿಯೂ ಹಾಗೇ ಕೆಡುತ್ತದೆ. ಯಾವುದಕ್ಕೆ ಕೈ ಹಾಕಬಾರದು ಅಂತ ಗೊತ್ತಿರುವುದೇ ಈ ಕೆಲಸದ ಅರ್ಧ ಭಾಗ.

ಬೆಳಿಗ್ಗೆ ಗೇಟು ತೆಗೆದ ಮೇಲೆ ಮೊದಲ ಸುತ್ತು ಬರಿಗೈಯಲ್ಲೇ ಹಾಕುತ್ತೇನೆ. ಪೊರಕೆ ಹಿಡಿದು ಹೊರಟರೆ ಕಣ್ಣಿಗೆ ಕಸ ಬಿಟ್ಟು ಬೇರೇನೂ ಬೀಳುವುದಿಲ್ಲ. ರಾತ್ರಿ ಗಾಳಿಗೆ ಮುರಿದು ನೇತಾಡುವ ಕೊಂಬೆ, ಹುಲ್ಲಿನಲ್ಲಿ ಬಿದ್ದ ಗಾಜಿನ ಚೂರು, ಮೇಲೆದ್ದ ಮೊಳೆ, ಇವೆಲ್ಲ ಮಕ್ಕಳು ಬರುವ ಮೊದಲೇ ಸಿಗಬೇಕು. ಉಯ್ಯಾಲೆಯ ಸರಪಳಿ ಸವೆಯುವುದು ಮೇಲೆ, ಕೊಕ್ಕೆಗೆ ಉಜ್ಜುವ ಜಾಗದಲ್ಲಿ. ಕೆಳಗೆ ನಿಂತವರಿಗೆ ಅದು ಕಾಣದು, ಏಣಿ ಹಾಕಿಯೇ ನೋಡಬೇಕು. ಉಯ್ಯಾಲೆಯ ಕೆಳಗಿನ ಮರಳು ಕಾಲಿಗೆ ಸಿಕ್ಕಿ ಬದಿಗೆ ಸರಿಯುತ್ತದೆ, ನಡುವೆ ಗಟ್ಟಿ ನೆಲ ಏಳುತ್ತದೆ. ಮಗು ಬೀಳುವುದೂ ಅಲ್ಲೇ. ದಿನಾ ಸನಿಕೆಯಲ್ಲಿ ಎಳೆದು ತುಂಬುತ್ತೇನೆ.

ಹುಲ್ಲಿನ ವಿಷಯದಲ್ಲಿ ನನ್ನದು ಒಂದೇ ಲೆಕ್ಕ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ. 9 ಸೆಂ.ಮೀ. ಬೆಳೆದಿದ್ದರೆ 6ಕ್ಕೆ ನಿಲ್ಲಿಸುತ್ತೇನೆ. ಬುಡಕ್ಕೆ ಬೋಳಿಸಿದರೆ ಬೇರೂ ಸೊರಗುತ್ತದೆ, ಖಾಲಿ ನೆಲಕ್ಕೆ ಬಿಸಿಲು ಬಿದ್ದು ಕಳೆ ಏಳುತ್ತದೆ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಆಮೇಲೆ ತುದಿಯೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿದವರು ನೀರು ಸಾಲದು ಅನ್ನುತ್ತಾರೆ! ಬೇಕಾಗಿರುವುದು ಸಾಣೆ. ಕತ್ತರಿಸಿದ ಚೂರನ್ನು ಅಲ್ಲೇ ಬಿಡುತ್ತೇನೆ. ಅದು ಕೊಳೆತು ಸಾರಜನಕ ವಾಪಸ್ ಮಣ್ಣಿಗೇ ಸೇರುತ್ತದೆ.

ನೀರು ಬಿಡುವುದು ಬೆಳಗಿನ ಹೊತ್ತು. ಸಂಜೆ ಬಿಟ್ಟರೆ ಎಲೆಗಳು ರಾತ್ರಿಯೆಲ್ಲ ಒದ್ದೆಯಾಗಿದ್ದು ಬೂಷ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ, ಬಿಟ್ಟಾಗ ಆಳಕ್ಕೆ ಇಳಿಯುವಷ್ಟು ಬಿಟ್ಟು ಆಮೇಲೆ ಸುಮ್ನಿರುವುದು ಮೇಲು. ಮೇಲ್ಮಣ್ಣಲ್ಲೇ ನೀರು ಸಿಕ್ಕರೆ ಬೇರು ಕೆಳಗೆ ಯಾಕೆ ಹೋಗುತ್ತದೆ ಹೇಳಿ? ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಮಣ್ಣಿಗೆ ಚುಚ್ಚಿ ನೋಡುತ್ತೇನೆ. ಸಲೀಸಾಗಿ ಇಳಿದರೆ ತೇವ ಇದೆ, ಪೈಪು ಮುಟ್ಟುವುದಿಲ್ಲ.

ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಮರಗಳ ಬಗ್ಗೆ. ಹುಲ್ಲು ಸತ್ತರೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ, ಮರ ಹಾಗಲ್ಲ. ಎಳೆ ಮರಕ್ಕೆ ಪಾರ್ಕಿನಲ್ಲಿ ದೊಡ್ಡ ಶತ್ರು ಹುಳುವಲ್ಲ, ಬ್ಲೇಡಿನ ಬದಲು ಗಿರಗಿರ ತಿರುಗುವ ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಮೆಷಿನ್. ಬುಡದ ಸುತ್ತ ನೀಟಾಗಿ ಕಾಣಲಿ ಅಂತ ಆ ದಾರವನ್ನು ತೀರಾ ಹತ್ತಿರ ಒಯ್ದರೆ ತೊಗಟೆ ಸುಲಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಸುತ್ತಲೂ ಪೂರ್ತಿ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಮರ ಆ ದಿನವೇ ಒಣಗುವುದಿಲ್ಲ. ಎಷ್ಟೋ ದಿನದ ಮೇಲೆ ಒಣಗಿದಾಗ, ಮೆಷಿನ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಅದಕ್ಕೇ ಪ್ರತಿ ಮರದ ಬುಡದಲ್ಲಿ ಅಗಲವಾದ ಪಾತಿ ಬಿಟ್ಟು, ತರಗೆಲೆ ಹರಡುತ್ತೇನೆ. 5ರಿಂದ 10 ಸೆಂ.ಮೀ. ದಪ್ಪ ಸಾಕು. ಕಾಂಡಕ್ಕೆ ಮಾತ್ರ ತಾಗಿಸುವುದಿಲ್ಲ, ಒಂದು ಗೇಣು ಬಿಟ್ಟೇ ಹಾಕುತ್ತೇನೆ. ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದರೆ ತೊಗಟೆ ಒದ್ದೆಯಾಗಿ ಕೊಳೆಯುತ್ತದೆ. ಹೀಗೆ ಮಾಡಿದರೆ ಮೆಷಿನ್ ಹತ್ತಿರ ಹೋಗುವ ಅಗತ್ಯವೇ ಇಲ್ಲ, ತೇವ ಉಳಿಯುತ್ತದೆ, ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗುವುದೂ ತಪ್ಪುತ್ತದೆ.

"ಏನಣ್ಣಾ, ಎಲೆ ಗುಡಿಸೋದೇ ಬಿಟ್ಬಿಟ್ರಾ?" ಅಂತ ವಾಕಿಂಗ್ ಬರುವವರು ಕೇಳುವುದಿತ್ತು. ಅವರಿಗೆ ಸಾರಜನಕದ ಪಾಠ ಹೇಳಿದರೆ ಯಾರು ಕೇಳುತ್ತಾರೆ? ಬೇರೆ ಉಪಾಯ ಮಾಡಿದೆ. ಓಡಾಡುವ ದಾರಿಯಲ್ಲಿ ಒಂದು ಎಲೆಯೂ ಇಲ್ಲದ ಹಾಗೆ ಗುಡಿಸಿದೆ, ಪಾತಿಯ ಅಂಚನ್ನು ಗುದ್ದಲಿಯಿಂದ ಗೆರೆ ಎಳೆದ ಹಾಗೆ ಕಡಿದೆ. ಎಲೆ ಅಷ್ಟೇ ಇದೆ, ಆದರೆ ಈಗ ಬೇಕಂತಲೇ ಹಾಕಿದ್ದು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ದೂರು ನಿಂತಿತು. ಪಾರ್ಕಿನಲ್ಲಿ ಅಂಚು ನೇರವಾಗಿದ್ದರೆ ಒಳಗಿನ ಅರ್ಧ ಒರಟುತನವನ್ನು ಜನ ಕ್ಷಮಿಸುತ್ತಾರೆ.

ಕೊಂಬೆ ಸವರುವುದನ್ನು ಅವಸರದಲ್ಲಿ ಮಾಡುವುದಿಲ್ಲ. ದಪ್ಪ ಕೊಂಬೆಯನ್ನು ಗರಗಸದಲ್ಲಿ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ, ಕೆಳಗಿನಿಂದ ಅರ್ಧದ ಒಳಗೆ ಕೊಯ್ಯಬೇಕು. ಆಮೇಲೆ ಅದಕ್ಕಿಂತ ಇನ್ನಷ್ಟು ಆಚೆ, ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಉಳಿದ ಮೋಟನ್ನು ಕೊನೆಗೆ ತೆಗೆಯುವುದು. ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗವೊಂದಿರುತ್ತದಲ್ಲ, ಅದನ್ನು ಮುಟ್ಟಬಾರದು. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಮೇಲೆ ಬಣ್ಣ ಬಳಿಯುವುದೂ ಬೇಡ.

ಹುಲ್ಲಿನ ಮೇಲೆ ಜನ ತಾವೇ ಮಾಡಿಕೊಂಡ ಅಡ್ಡದಾರಿ ಇದ್ದರೆ ಬೇಲಿ ಹಾಕಿ ಜಗಳಕ್ಕೆ ನಿಲ್ಲುವುದಿಲ್ಲ, ಚಪ್ಪಡಿ ಹಾಸುತ್ತೇನೆ. ಕಸದ ಡಬ್ಬಿಗೂ ಅದೇ ಲೆಕ್ಕ. ನಕ್ಷೆಯಲ್ಲಿ ಚೆನ್ನಾಗಿ ಕಾಣುವ ಜಾಗ ಬೇಡ, ಕಸ ನಿಜವಾಗಿ ಬೀಳುವ ಜಾಗ ಬೇಕು. ಬೆಂಚಿನ ಪಕ್ಕ, ಗೇಟಿನ ಹತ್ತಿರ. ಸಂಜೆ ಜನ ಸೇರುವ ಮೊದಲೇ ಖಾಲಿ ಮಾಡುತ್ತೇನೆ, ತುಂಬಿದ ಡಬ್ಬಿಯ ಪಕ್ಕ ಮೊದಲ ಪೊಟ್ಟಣ ಇಟ್ಟರೆ ಹಿಂದೆಯೇ ಹತ್ತು ಬರುತ್ತವೆ. ಹಕ್ಕಿಗಳ ನೀರಿನ ತಟ್ಟೆಯನ್ನು ವಾರದೊಳಗೆ ಎರಡು ಸಲ ಚೆಲ್ಲಿ ತಿಕ್ಕುವುದನ್ನು ತಪ್ಪಿಸುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಸುಮಾರು 7ರಿಂದ 10 ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ.

ರಜೆ ಹಾಕಿದಾಗ ಬರುವವರಿಗೆಂದು ಸಾಮಾನಿನ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮರದ ಕೊಂಬೆ ಮೇಲೆ ಕಣ್ಣಿಡಬೇಕು, ಮಳೆ ಬಂದರೆ ಯಾವ ಮೋರಿಯ ಜಾಲರಿ ಮೊದಲು ಕಟ್ಟುತ್ತದೆ, ಎಲ್ಲ ಅದರಲ್ಲಿದೆ. ಹಿಂದಿನ ಗೇಟಿನ ಪಕ್ಕದ ವಾಲ್ವ್ ಬಗ್ಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ನಿಧಾನಕ್ಕೆ ತಿರುಗಿಸಿ, ಜೋರು ಮಾಡಿದರೆ ಹಿಡಿ ಕೈಗೇ ಬರುತ್ತದೆ.