ಕ್ಯಾನಿಸ್ಟರ್ ತೆಗೆದೆ, ಸ್ಪಂಜಿನ ಗೋಡೆ ಕಟ್ಟಿದೆ

14 ತಿಂಗಳಾಯ್ತು, ಮೀನು, ಗಿಡ ಸಾಕಿರುವ ನನ್ನ ಮೂರಡಿ ಗಾಜಿನ ಟ್ಯಾಂಕಿನ ಫಿಲ್ಟರನ್ನು ಒಮ್ಮೆಯೂ ಹೊರಗೆ ತೆಗೆದು ತೊಳೆದಿಲ್ಲ. ನೀರು ತಿಳಿಯಾಗಿದೆ, ಕ್ರಿಪ್ಟ್ ಗಿಡ ತಳದ ತುಂಬ ಹಬ್ಬಿದೆ. "ಸ್ಪಂಜಲ್ಲೆಲ್ಲ ಪ್ಲಾಂಟೆಡ್ ಟ್ಯಾಂಕ್ ನಡೆಯಲ್ಲ ಸಾರ್" ಎಂದಿದ್ದ ಅಂಗಡಿಯವರು ಹೋದ ತಿಂಗಳು ತಾವೇ ಫೋಟೊ ಕೇಳಿ ತರಿಸಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಸಾಗರದ ಹತ್ತಿರ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ. ಸುಮಾರು 6,500 ರೂಪಾಯಿ ಕೊಟ್ಟು ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ತಂದಿದ್ದೆ. ಒಂದು ಜುಲೈ ರಾತ್ರಿ ಹತ್ತು ಹನ್ನೊಂದು ಗಂಟೆ ಕರೆಂಟ್ ಇರಲಿಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಕರೆಂಟ್ ಬಂದದ್ದೇ ಕ್ಯಾನಿಸ್ಟರ್ ತಾನಾಗೇ ಶುರುವಾಯ್ತು. ರಾತ್ರಿಯಿಡೀ ಒಳಗೆ ನಿಂತಿದ್ದ ನೀರೆಲ್ಲ ಟ್ಯಾಂಕಿಗೆ ಬಂತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. 20 ಟೆಟ್ರಾ ಮೀನುಗಳಲ್ಲಿ ಸಂಜೆಗೆ ಉಳಿದದ್ದು ಆರು. ಆ ನೋವು ಇನ್ನೂ ಇದೆ.

ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ, ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವ ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತದೆ, ಆಮೇಲೆ ಸಾಯುತ್ತದೆ. ಅದೇ ಬ್ಯಾಕ್ಟೀರಿಯಾ ಟ್ಯಾಂಕಿನ ತೆರೆದ ನೀರಲ್ಲೇ ಇದ್ದರೆ? ಆ ಯೋಚನೆಯಿಂದಲೇ ಮ್ಯಾಟನ್‌ಫಿಲ್ಟರಿಗೆ ಬಂದೆ. ಜರ್ಮನಿಯವರು ಬಹಳ ವರ್ಷದಿಂದ ಮಾಡುವ ಕೆಲಸ ಇದು: ಮೂಲೆಗೆ ಅಡ್ಡಲಾಗಿ ಒಂದು ಸ್ಪಂಜಿನ ಗೋಡೆ, ಅದರ ಹಿಂದೆ ಒಂದು ಸಣ್ಣ ಪಂಪ್. ಪಂಪ್ ನೀರನ್ನು ಸ್ಪಂಜಿನ ಮೂಲಕ ಎಳೆದು ಮತ್ತೆ ಟ್ಯಾಂಕಿಗೇ ಬಿಡುತ್ತದೆ.

ಮೊದಲ ಸಲ ಸೋತೆ. ಹಾಸಿಗೆ ಅಂಗಡಿಯಿಂದ ಫೋಮ್ ಕತ್ತರಿಸಿ ತಂದಿದ್ದೆ, ಬರೀ 120 ರೂಪಾಯಿ. ತೂತು ಸಣ್ಣ. ಹತ್ತೇ ದಿನಕ್ಕೆ ಕಟ್ಟಿಕೊಂಡಿತು. ಬೆಂಗಳೂರಿಗೆ ಹೋದಾಗ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಸುತ್ತಿ, ಒರಟು ತೂತಿನ ಎರಡು ಇಂಚು ದಪ್ಪದ ಫಿಲ್ಟರ್ ಫೋಮ್ ತಂದೆ. 400 ಚಿಲ್ಲರೆ ಆಯ್ತು.

ಎರಡನೇ ತಪ್ಪು ಪಂಪಿನದು. ಜಾಸ್ತಿ ನೀರು ತಿರುಗಿದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ವಾ, ಗಂಟೆಗೆ 1,800 ಲೀಟರಿನದ್ದು ಹಾಕಿದೆ. ಸ್ಪಂಜು ಒಳಗೆ ಬಾಗಿತು. ಹಿಂದಿನ ನೀರು ಮೂರು ಬೆರಳು ಕೆಳಗಿಳಿದು ಪಂಪ್ ಗಾಳಿ ಎಳೆಯತೊಡಗಿತು. ಆಮೇಲೆ ಲೆಕ್ಕ ಹಾಕಿದೆ. ಗೋಡೆ 30 ಸೆಂಟಿಮೀಟರ್ ಅಗಲ, 45 ಎತ್ತರ. ನೀರು ಸ್ಪಂಜಿನೊಳಗೆ ನಿಮಿಷಕ್ಕೆ 5ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸಾಗಿದರೆ ಸಾಕು. ಅಂದರೆ ಗಂಟೆಗೆ 800 ಲೀಟರಿನ ಪಂಪ್. 650 ರೂಪಾಯಿ, 10 ವ್ಯಾಟ್ ಇರಬೇಕು. ಈಗ ಸರಿಹೋಯ್ತು.

ಹಳೇ ಬ್ಯಾಕ್ಟೀರಿಯಾ ಇಲ್ಲಿಗೂ ಬರಲಿ ಅಂತ ಕ್ಯಾನಿಸ್ಟರಿನ ಸ್ಪಂಜನ್ನು ಈ ಗೋಡೆಯ ಮೇಲೆ ಹಿಂಡಿದ್ದೆ. ಮೀನಿನ ಕೊಳೆಯಿಂದ ನೀರಿಗೆ ಸೇರುವ ವಿಷ ಅಮೋನಿಯ; ಮೂರು ವಾರ ದಿನ ಬಿಟ್ಟು ದಿನ ಅದನ್ನು ನೋಡಿದೆ, ಆಮೇಲೆ ಸೊನ್ನೆಯಿಂದ ಅಲುಗಲಿಲ್ಲ. ಗೋಡೆ ನೆಟ್ಟಗೆ ನಿಲ್ಲಲು ಸಿಲಿಕೋನ್ ಅಂಟು ಹಚ್ಚಿಲ್ಲ, ಬೇರೆ ಒಂದು ಉಪಾಯವಿದೆ. ಅದನ್ನು ಕಂಡುಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅದು ನನ್ನ ಹತ್ತಿರವೇ ಇರಲಿ.

ಗಿಡಗಳಿಗೆ ಕೊಡುವ ಗ್ಯಾಸಿನದೂ (ಇಂಗಾಲದ ಡೈಆಕ್ಸೈಡ್) ಹೇಳಬೇಕು. ಸಕ್ಕರೆ-ಯೀಸ್ಟ್ ಬಾಟಲಿ ಇಟ್ಟು ನೋಡಿದೆ. ಮೊದಲ ವಾರ ಭರ್ಜರಿ, ಮೂರನೇ ವಾರ ಗುಳ್ಳೆಯೇ ಇಲ್ಲ. ಸಿಟ್ರಿಕ್ ಆಮ್ಲ, ಅಡುಗೆ ಸೋಡ ಜೋಡಿ ವಾಸಿ, ಸೂಜಿ ವಾಲ್ವ್ ಇದ್ದರೆ ಬೇಕಾದಷ್ಟೇ ಬಿಡಬಹುದು. ಟ್ಯೂಬನ್ನು ಪಂಪಿನ ಬಾಯಿಗೇ ಕೊಟ್ಟೆ, ರೆಕ್ಕೆಗೆ ಸಿಕ್ಕಿ ಗುಳ್ಳೆ ಪುಡಿಪುಡಿಯಾಗುತ್ತದೆ. ಗುಳ್ಳೆ ಸಣ್ಣದು ಮಾಡುವ ಡಿಫ್ಯೂಸರಿನ ಖರ್ಚು ಉಳಿಯಿತು. ನಮ್ಮ ಬಾವಿ ನೀರು ತೀರಾ ಮೆದು, ಸುಣ್ಣದಂಶ ಕಮ್ಮಿ, ಗ್ಯಾಸ್ ಸ್ವಲ್ಪ ಜಾಸ್ತಿಯಾದರೂ ಪಿಹೆಚ್ ಧಡಕ್ಕನೆ ಇಳಿಯುತ್ತಿತ್ತು. ಒಂದು ಹಿಡಿ ಕಪ್ಪೆಚಿಪ್ಪು ಒಡೆದು ಬಲೆ ಚೀಲದಲ್ಲಿ ಕಟ್ಟಿ ಸ್ಪಂಜಿನ ಹಿಂದೆ ಇಟ್ಟೆ. ತಿಂಗಳಲ್ಲಿ ಗಡಸು ಸ್ವಲ್ಪ ಏರಿ ನಿಂತಿತು.

ತಳಕ್ಕೆ ಒಂದಿಂಚು ಜರಡಿ ಹಿಡಿದ ಕೆಮ್ಮಣ್ಣು, ಮೇಲೆ ಎರಡಿಂಚು ಹೊಳೆ ಮರಳು. ಹಿಂದೊಮ್ಮೆ ಕೆಮ್ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿದ್ದೆ. ಬೇಡ, ಅಮೋನಿಯ ವಾರಗಟ್ಟಲೆ ಇಳಿಯಲಿಲ್ಲ. ಬೆಳಕಿಗೆ 30 ವ್ಯಾಟಿನ ಎರಡು ಬಿಳಿ ಫ್ಲಡ್ ಲೈಟ್, ದಿನಕ್ಕೆ ಏಳು ಗಂಟೆ. ಎಂಟು ಮಾಡಿದರೆ ಗಾಜಿಗೆ ಪಾಚಿ.

ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಸ್ಪಂಜಿನ ತುಂಬ ಚೆರ್ರಿ ಸೀಗಡಿ ಮರಿಗಳು, ಅಕ್ಕಿ ನುಚ್ಚಿನಷ್ಟು ಸಣ್ಣವು, ಮುಂಗಾಲಿನಿಂದ ಏನನ್ನೋ ಕೆರೆದು ತಿನ್ನುತ್ತಿರುತ್ತವೆ. ಕ್ಯಾನಿಸ್ಟರ್ ಇದ್ದಾಗ ಮರಿಗಳೆಲ್ಲ ಪೈಪಿನೊಳಗೆ ಹೋಗುತ್ತಿದ್ದವು. ಹತ್ತು ತಂದಿದ್ದೆ, ಈಗ ಇನ್ನೂರಕ್ಕೆ ಕಮ್ಮಿಯಿಲ್ಲ.

ಈ ಮಳೆಗಾಲದಲ್ಲಿ ಒಂದು ದಿನ 14 ಗಂಟೆ ಕರೆಂಟ್ ಹೋಯ್ತು. ಬೇಕೆಂದೇ ಪಂಪಿಗೆ ಇನ್ವರ್ಟರ್ ಕೊಡಲಿಲ್ಲ. ಮೀನಿಗೆ ಉಸಿರಾಡಲು ಬ್ಯಾಟರಿಯ ಏರ್ ಪಂಪ್ ಮಾತ್ರ ಇಟ್ಟೆ. ಕರೆಂಟ್ ಬಂದ ಮೇಲೆ ಮೂರು ಸಲ ಪರೀಕ್ಷೆ ಮಾಡಿದೆ, ಮೂರು ಸಲವೂ ಅಮೋನಿಯ ಸೊನ್ನೆ. ಒಂದು ಮೀನೂ ಸಾಯಲಿಲ್ಲ. ಕ್ಯಾನಿಸ್ಟರ್ ಅಟ್ಟದ ಮೇಲಿದೆ. ಕರೆಂಟ್ ಹೋಗದ ಊರಿನವರು ಯಾರಾದರೂ ಕೇಳಿದರೆ 2,000ಕ್ಕೆ ಕೊಡುತ್ತೇನೆ.