ನಾಲೆಯವನು ನಂಗು ಹಿಡಿಯಲು ಹೋದದ್ದು

ನಮ್ಮೂರು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದಲ್ಲೇ. ಬಿದಿರು ಕೋಲು, ಟಂಗೂಸ್ ದಾರ, ನವಿಲುಗರಿ ದಂಟಿನ ಬೆಂಡು, ಒಂದು ಹಿಡಿ ಎರೆಹುಳ. ಇಷ್ಟಿದ್ದರೆ ಸಂಜೆ ಸಾರಿಗಾಗುವಷ್ಟು ಜಿಲೇಬಿ ಮೀನು ಸಿಕ್ಕೇ ಸಿಗುತ್ತೆ. ಬೆಂಡು ಅಲ್ಲಾಡಿತಾ, ಎಳಿ. ಮೂವತ್ತು ವರ್ಷದಿಂದ ನನ್ನ ಕೈಗೆ ಗೊತ್ತಿರುವುದು ಇದೊಂದೇ. ಕಡಲಿಗೆ ಹೋದಾಗ ಇದೇ ಅಭ್ಯಾಸ ನನ್ನನ್ನು ಕೆಡಿಸಿತು.

ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಮಲ್ಪೆ ಕಡೆಯವರು. ಅವರ ಸೋದರಮಾವನಿಗೆ ಸಣ್ಣದೊಂದು ದೋಣಿ ಇದೆ. 'ಮಳೆಗಾಲ ಮುಗಿದ ಮೇಲೆ ಬನ್ನಿ ಮಾರಾಯ್ರೆ, ನಂಗು ತಿನ್ನಿಸ್ತೇನೆ' ಅಂದರು. ನಂಗು ಅಂದರೆ ನಾಲಗೆ ಹಾಗೆ ಚಪ್ಪಟೆಯಾಗಿರುವ ಮೀನು. ಮೇಲ್ಮೈ ಕಂದು, ತಳ ಬಿಳಿ, ಎರಡು ಕಣ್ಣೂ ಎಡಗಡೆಗೇ. ಮರಿಯಾಗಿದ್ದಾಗ ಎಲ್ಲ ಮೀನಿನ ಹಾಗೆ ಆಚೆಗೊಂದು ಈಚೆಗೊಂದು ಕಣ್ಣಿರುತ್ತದಂತೆ. ಬೆಳೆಯುತ್ತಾ ಒಂದು ಕಣ್ಣು ಜರುಗಿ ಇನ್ನೊಂದರ ಪಕ್ಕಕ್ಕೆ ಬಂದು ಸೇರುತ್ತೆ. ಆಮೇಲೆ ಅದು ಮಲಗಿಕೊಂಡೇ ಬದುಕುತ್ತದೆ. ಮರಳಲ್ಲಿ ಮೈ ಹುದುಗಿಸಿ ಕಣ್ಣು ಮಾತ್ರ ಹೊರಗಿಟ್ಟಿರುತ್ತೆ.

ಅಕ್ಟೋಬರ್ ಕೊನೆಗೆ ರಾತ್ರಿ ಬಸ್ ಹತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮಳೆ ಕಳೆದು ಕಡಲಿನ ಅಬ್ಬರ ಇಳಿದ ಮೇಲೆ ನಂಗು ಕೆಸರುಮರಳಿನ ದಡದ ಕಡೆಗೆ ಬರುತ್ತೆ, ಅದಕ್ಕೇ ಆ ಸಮಯ. ಬಲೆಗೆ ರಾಶಿ ಬೀಳುತ್ತೆ. ಗಾಳಕ್ಕೆ ಕಷ್ಟ, ಬಾಯಿ ಅಷ್ಟು ಸಣ್ಣದು. ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ.

ಮೊದಲ ಸಂಜೆ ಹೊಸ ರಾಡಿನಲ್ಲಿ ಬಲ ಬಿಟ್ಟು ದೂರಕ್ಕೆ ಎಸೆದೆ. ಬಲವಾಗಿ ಎಸೆದಷ್ಟೂ ದೊಡ್ಡ ಮೀನು ಅನ್ನೋ ಲೆಕ್ಕ ನನ್ನದು. ಒಂದು ಗಂಟೆ ಏಡಿಗಳಿಗೆ ಸಿಗಡಿ ಊಟ ಹಾಕಿದ್ದೇ ಬಂತು. ಮಾವ ಬಂದವರು ನೋಡಿ ನಕ್ಕರು. 'ಎಂಥ ಮಾರಾಯ್ರೆ, ಮೀನಿನ ತಲೆ ಮೇಲಿಂದ ಹಾರಿಸಿ ಆಚೆ ಹಾಕ್ತಿದ್ದೀರಿ' ಅಂದರು.

ಮಾರನೆ ದಿನ ನೀರು ಇಳಿದಾಗ ದಡ ನಡೆಸಿ ತೋರಿಸಿದರು. ಅಲೆ ಒಡೆಯುವ ಜಾಗಕ್ಕೂ ದಡಕ್ಕೂ ನಡುವೆ ಉದ್ದಕ್ಕೆ ತಗ್ಗುಗಳಿದ್ದವು, ಮೊಣಕಾಲುದ್ದ ನೀರು ನಿಂತಿತ್ತು. ಉಬ್ಬರ ಏರುವಾಗ ಚಪ್ಪಟೆ ಮೀನು ಆ ತಗ್ಗಿಗೇ ಬರೋದು. ಎಸೆಯಬೇಕಾದ ದೂರ ಇಪ್ಪತ್ತು ಹೆಜ್ಜೆ, ಅಷ್ಟೆ! ಎರಡು ಗುರುತಿನ ಕಡ್ಡಿ ನೆಟ್ಟು ಬಂದೆವು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) 124.80 ಅಡಿ ತುಂಬಿತಾ ಅಂತ ಪೇಪರ್ ನೋಡೋ ಜನ ನಾವು. ಇಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಅದೂ ದಿನಾ ಸುಮಾರು ಐವತ್ತು ನಿಮಿಷ ತಡವಾಗಿ. ನಿನ್ನೆಯ ಹೊತ್ತಿಗೇ ಹೋಗಿ ಕೂತರೆ ಸುಮ್ನೆ ಕಾಯಬೇಕಾಗುತ್ತೆ. ನೀರಿಗಿಳಿದರೆ ಕಾಲೆತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ ಅಂತಲೂ ಹೇಳಿದರು. ಅದೇ ಮರಳಲ್ಲಿ ತೊರಕೆ ಮೀನೂ ಮಲಗಿರುತ್ತೆ. ಬಾಲದ ಮುಳ್ಳು ಚುಚ್ಚಿದರೆ ಆಸ್ಪತ್ರೆಯೇ ಗತಿ.

ಗಾಳ ಬದಲಾಯಿಸಿದೆ. ಸಣ್ಣ ಗಾಳ, ದಾರದ ಮೇಲೆ ಜಾರಾಡುವ ಸೀಸ. ಸೀಸ ಬಿಗಿಯಾಗಿ ಕಟ್ಟಿದರೆ ಮೀನು ಬಾಯಿ ಹಾಕಿದ ಕೂಡಲೇ ಭಾರ ತಿಳಿದು ಉಗಿಯುತ್ತೆ. ಜಾರಾಡಿದರೆ ಅದಕ್ಕೆ ಗೊತ್ತಾಗಲ್ಲ. ಕಡಲ ಮರಳಿನ ಹುಳದ ತುಂಡು ಚುಚ್ಚಿ, ತಳಕ್ಕೆ ಕೂರಿಸಿ, ನಿಮಿಷಕ್ಕೊಮ್ಮೆ ಒಂದು ಗೇಣು ಎಳೆದುಕೊಳ್ಳುತ್ತಾ ಬಂದೆ. ಮರಳಲ್ಲಿ ಸೀಸ ಗೀರಿದಾಗ ಏಳುವ ಧೂಳಿಗೆ ಮೀನು ಎಚ್ಚೆತ್ತು ಬರುತ್ತೆ ಅಂತ ಮಾವನ ಮಾತು. ಬೆಂಡಿಲ್ಲ, ನೋಡೋಕೆ ಏನೂ ಇಲ್ಲ. ಬೆರಳಿಗೆ ದಾರ ಸುತ್ತಿಕೊಂಡು ಕೂರಬೇಕು.

ಕಚ್ಚುವುದೂ ವಿಚಿತ್ರ. ಜಿಲೇಬಿ ಹಾಗೆ ಜಗ್ಗಲ್ಲ. ಯಾರೋ ದಾರವನ್ನು ಉಗುರಲ್ಲಿ ಮುಟ್ಟಿದ ಹಾಗೆ, ಆಮೇಲೆ ಏನೂ ಇಲ್ಲ. ನಾನು ಎಳೆದೆ. ಖಾಲಿ. ಮತ್ತೆ ಎಳೆದೆ, ಖಾಲಿ. 'ಎಂಥಾ ಅರ್ಜೆಂಟ್ ನಿಮಗೆ? ಹತ್ತು ಎಣಿಸಿ' ಅಂದರು ಮಾವ. ಹಲ್ಲು ಕಚ್ಚಿ ಎಣಿಸಿದೆ, ದಾರ ಸ್ವಲ್ಪ ಸಡಿಲ ಬಿಟ್ಟು. ಎಂಟಕ್ಕೆ ಬರುವಾಗ ದಾರ ಭಾರವಾಯಿತು. ಎತ್ತದೆ, ಮೇಲೆ ಬರುವ ಅಲೆಯ ಜೊತೆಗೇ ಎಳೆದೆ. ಒದ್ದೆ ಎಲೆ ಹಾಗೆ ಜಾರಿಕೊಂಡು ಮರಳಿಗೆ ಬಂತು. ಅಂಗೈಯುದ್ದದ ನಂಗು. ಆ ಸಂಜೆ ಮೂರು ಸಿಕ್ಕಿತು. ಮೂರೂ ಎಣಿಸಿದ ಮೇಲೇ.

ಈಗ ಉಲ್ಟಾ ಆಗಿದೆ. ಊರಿಗೆ ಬಂದು ನಾಲೆ ಮೇಲೆ ಕೂತರೆ ಬೆಂಡು ಮುಳುಗಿದ ಮೇಲೂ ಎಣಿಸುತ್ತೇನೆ, ಜಿಲೇಬಿ ಹುಳ ತಿಂದು ಹೋಗಿರುತ್ತೆ.

ದೋಣಿಗೆ ಹೋದದ್ದು ಜನವರಿಯಲ್ಲಿ. ಮೊದಲ ಅರ್ಧ ಗಂಟೆ ನಾನು ಮೀನಿಗಿಂತ ವಾಂತಿಯ ಕಡೆಗೇ ಜಾಸ್ತಿ ಗಮನ ಕೊಟ್ಟಿದ್ದೆ. ಇಂಜಿನ್ ನಿಲ್ಲಿಸಿ ದೋಣಿಯನ್ನು ಗಾಳಿಗೆ ಬಿಟ್ಟರು. ಆರು ಮಾರು ಆಳ. ಅದೇ ತಳದ ಕೆಲಸ, ದೋಣಿಯೇ ಸೀಸವನ್ನು ಎಳೆದುಕೊಂಡು ಹೋಗುತ್ತೆ, ಅಷ್ಟೇ ವ್ಯತ್ಯಾಸ. ಸೀಸ ತಳಕ್ಕೆ ಟಕ್ ಟಕ್ ಬಡಿಯುತ್ತಿರಬೇಕು. ಬಡಿತ ನಿಂತರೆ ಇನ್ನೂ ಒಂದು ಮಾರು ದಾರ ಬಿಡಬೇಕು. ಬಂಗುಡೆಯ ಹೊಟ್ಟೆಭಾಗವನ್ನು ಬೆರಳುದ್ದ ಸೀಳಿ ಗಾಳಕ್ಕೆ ತೂಗುಬಿಟ್ಟಿದ್ದೆವು. ಅದಕ್ಕೆ ನಂಗು ಬರಲಿಲ್ಲ. ಬಂದದ್ದು ಇನ್ನೊಂದು ಚಪ್ಪಟೆ ಜಾತಿ, ಇಂಡಿಯನ್ ಹ್ಯಾಲಿಬಟ್ ಅಂತಾರೆ. ದೊಡ್ಡ ಬಾಯಿ, ಸೂಜಿಯಂಥ ಹಲ್ಲು. ಗಾಳ ಬಿಡಿಸಲು ಹೋಗಿ ಹೆಬ್ಬೆರಳು ಕುಯ್ಯಿಸಿಕೊಂಡೆ. ಇಕ್ಕಳ ಇಟ್ಟುಕೊಂಡೇ ಹೋಗಿ.

ಹಿಂದಿನ ಸಲದ ಮೂರು ನಂಗು ಮಾತ್ರ ಮಾವನ ಮನೆಯಲ್ಲೇ ತಿಂದಿದ್ದೆ. ಅತ್ತೆ ತಲೆ ಕತ್ತರಿಸಿ, ಬೆರಳಿಗೆ ಉಪ್ಪು ಹಚ್ಚಿ, ಚರ್ಮದ ಅಂಚನ್ನು ಹಿಡಿದು ಬಾಲದ ತನಕ ಒಂದೇ ಎಳೆತಕ್ಕೆ ಸುಲಿದರು. ಕಾಲುಚೀಲ ಬಿಚ್ಚಿದಷ್ಟು ಸಲೀಸು. ನಾನು ಮಾಡಿದಾಗ ಚರ್ಮ ಮೂರು ತುಂಡಾಯಿತು. ಈ ಸಲ ಬರುವಾಗ ಮಲ್ಪೆಯಲ್ಲೇ ಒಂದಿಷ್ಟು ನಂಗು ಕೊಂಡು, ಐಸ್ ಹಾಕಿ ಥರ್ಮೊಕೋಲ್ ಡಬ್ಬದಲ್ಲಿ ಊರಿಗೆ ತಂದೆ. ಅಮ್ಮ ಎಂದಿನಂತೆ ಹುಳಿ ಕಿವುಚಿ ಸಾರಿಗೆ ಹಾಕಿ ಸೌಟಾಡಿಸಿದರು. ನಂಗಿನ ಮಾಂಸ ಬಲು ಮೆತ್ತಗೆ, ಕರಗಿ ಗಂಜಿಯಾಯಿತು. ಮುದ್ದೆ ಮುರಿದು ಅದ್ದಿದರೆ ಬರೀ ಮುಳ್ಳು! 'ಇದಕ್ಕೆ ಅಷ್ಟು ದೂರ ಹೋಗಿದ್ಯಾ ಮಗ?' ಅಂದರು. ಉಳಿದದ್ದನ್ನು ಖಾರ, ಹುಳಿ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿದೆ. ತಟ್ಟೆ ಖಾಲಿಯಾಗುವವರೆಗೆ ಅಮ್ಮ ಮಾತಾಡಲಿಲ್ಲ.